ಬಿರುಬೇಸಿಗೆಗೂ ಹೂವಿರಲಿ: ನನ್ನ ಅನುಭವ

ಮೈಸೂರಿನಲ್ಲಿ ಶಿವರಾತ್ರಿ ಕಳೆದರೆ ಹೊಂಗೆ, ಬೇವು ಹೂ ಬಿಡಲು ಶುರು ಮಾಡುತ್ತವೆ. ಮರದ ಕೆಳಗೆ ನಿಂತರೆ ಸಾಕು, ಜೇನಿನ ಸದ್ದು ಕೇಳುತ್ತದೆ. ನೆಲದ ಹತ್ತಿರ ಮಾತ್ರ ಎಲ್ಲ ಒಣಗಿರುತ್ತದೆ. ಚಿಟ್ಟೆಗಳಿಗೆ, ಸಣ್ಣ ಜೇನುಗಳಿಗೆ ಹೂ ಸಿಗದ ಕಾಲ ಅದು. ಅದಕ್ಕೇ ನಮ್ಮ 30×40 ಅಡಿಯ ಸೈಟಿನಲ್ಲಿ ಕಾಂಪೌಂಡಿನ ಉದ್ದಕ್ಕೂ ಇರುವ ಮಣ್ಣನ್ನು ನಮ್ಮ ನೆಲದ ಗಿಡಗಳಿಗೇ ಬಿಟ್ಟಿದ್ದೇನೆ.

ಮೊದಲು ಹಾಕಿದ್ದು ತುಂಬೆ. ಹಬ್ಬಕ್ಕೆ ಹೂ ಕೀಳುವಾಗ ಒಣಗಿದ ತೆನೆಗಳನ್ನೂ ತಂದು, ಕೈಯಲ್ಲಿ ಉಜ್ಜಿ ಬೀಜ ಉದುರಿಸಿದೆ. ಮೇಲೆ ತೆಳ್ಳಗೆ ಮಣ್ಣು ಹಾಕಿದರೆ ಸಾಕು. ಸಂಜೆ ಹೊತ್ತು ನೀರು ಕೊಟ್ಟು, ಬುಡಕ್ಕೆ ತರಗೆಲೆ ಹರಡಿದರೆ ಏಪ್ರಿಲ್ ಬಿಸಿಲಲ್ಲೂ ಹೂ ಬಿಡುತ್ತದೆ. ಅದರ ಪಕ್ಕದಲ್ಲಿ ಕಾಮಕಸ್ತೂರಿ, ತುಳಸಿ. ತುಳಸಿಯ ಕದಿರನ್ನು ಎಲ್ಲರೂ ಚಿವುಟುತ್ತಾರೆ, ಅಲ್ವಾ? ನಾನು ಅರ್ಧ ಗಿಡಗಳಲ್ಲಿ ಬಿಡುತ್ತೇನೆ. ಆ ಪುಟ್ಟ ಹೂಗಳಿಗೆ ಕೋಲುಜೇನು, ತುಡುವೆ ಎರಡೂ ಬರುತ್ತವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಜೇನೂ ಬರುತ್ತದೆ. ಅದು ಗೂಡು ಕಟ್ಟುವುದು ಮಣ್ಣಿನೊಳಗೆ. ಹಾಗಾಗಿ ಅಂಗಳಕ್ಕೆಲ್ಲ ಸಿಮೆಂಟ್ ಹಾಕಬೇಡಿ. ಒಂದು ಮೂಲೆಯಾದರೂ ಬರಿಮಣ್ಣು ಇರಲಿ.

ಮಂಡ್ಯ ಕಡೆ ಗದ್ದೆಗೆ ಹಸಿರೆಲೆ ಗೊಬ್ಬರ ಅಂತ ಬಿತ್ತುತ್ತಾರಲ್ಲ, ಆ ಸೆಣಬು ನನಗೆ ತುಂಬಾ ಇಷ್ಟ. ಬೀಜ ಅಗ್ಗ, ಬೆಳೆಯುವುದೂ ಬೇಗ. ಹಳದಿ ಹೂ ಬಿಟ್ಟರೆ ದೊಡ್ಡ ಕಪ್ಪು ದುಂಬಿಗಳು ಹುಡುಕಿಕೊಂಡು ಬರುತ್ತವೆ. ರೈತರು ಹೂ ಬರುವ ಹೊತ್ತಿಗೆ ಉತ್ತುಬಿಡುತ್ತಾರೆ. ನಾನು ಒಂದಷ್ಟು ಗಿಡಗಳನ್ನು ಕಾಯಿ ಕಟ್ಟಿ ಒಣಗಲು ಬಿಡುತ್ತೇನೆ. ಈ ಜಾತಿಯ ಗಿಡಗಳು ಒಣಗಿದ ಮೇಲೂ ಟೈಗರ್ ಚಿಟ್ಟೆಗಳ ಗಂಡುಗಳು ಬಂದು ಕೂತು ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ಅಂಶ ಅವಕ್ಕೆ ಅದರಲ್ಲಿ ಸಿಗುತ್ತದೆ.

ಬರೀ ಹೂ ಇದ್ದರೆ ಚಿಟ್ಟೆ ಬಂದು ಹೋಗುತ್ತದೆ. ಅದು ಇಲ್ಲೇ ಉಳಿಯಬೇಕಾದರೆ ಮರಿಹುಳು ತಿನ್ನುವ ಎಲೆ ಬೇಕು. ಎಕ್ಕ ಅದಕ್ಕೇ ಇದೆ. ನೀರೇ ಬೇಡ ಎನ್ನುವಷ್ಟು ಗಟ್ಟಿ ಗಿಡ. ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದೇ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿರುವ ಮನೆಯವರು ಜೋಪಾನ. ಪಕ್ಕದ ಮನೆ ಅಜ್ಜಿ, "ಏನಮ್ಮಾ, ಮನೆ ಮುಂದೆ ಎಕ್ಕ ಬೆಳೆಸ್ತಾರಾ?" ಅಂತ ಬೇಜಾರು ಮಾಡಿಕೊಂಡಿದ್ದರು. ಎಲೆಯಡಿ ನೇತಾಡುತ್ತಿದ್ದ ಹಸಿರು ಗೂಡನ್ನು ತೋರಿಸಿದೆ. ಈಗ ಅವರೇ ದಿನಾ ಬಂದು ನೋಡುತ್ತಾರೆ.

ಕರಿಬೇವು ನಿಮ್ಮ ಮನೆಯಲ್ಲೂ ಇರುತ್ತದೆ. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಇದ್ದರೆ ದಯವಿಟ್ಟು ಕಿತ್ತು ಬಿಸಾಡಬೇಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚುತ್ತದೆ. ಸಾರಿಗೆ ಸ್ವಲ್ಪ ಎಲೆ ಕಡಿಮೆಯಾದೀತು, ಅಷ್ಟೇ. ಗಿಡ ಮತ್ತೆ ಚಿಗುರುತ್ತದೆ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ ಇಡಿ. ಅದರಲ್ಲಿ ಬೆಣಚು ಕಲ್ಲುಗಳಿರಬೇಕು, ಇಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ. ಸೊಳ್ಳೆ ಆಗದಂತೆ ದಿನಾ ನೀರು ಬದಲಿಸಿ. ನಲ್ಲಿಯ ಕೆಳಗಿನ ಒದ್ದೆ ಮಣ್ಣನ್ನೂ ಹಾಗೇ ಬಿಡಿ, ಚಿಟ್ಟೆಗಳು ಅಲ್ಲಿಂದ ಉಪ್ಪಿನಂಶ ಹೀರುತ್ತವೆ.

ಔಷಧಿ ಹೊಡೆಯುವುದು ಪೂರ್ತಿ ಬಿಡಬೇಕು. ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳು ಬಂದರೆ ನಾನು ನೀರು ರಭಸವಾಗಿ ಬಿಟ್ಟು ತೊಳೆಯುತ್ತೇನೆ. ಜಾಸ್ತಿಯಾದರೆ ಆ ಕೊಂಬೆಯನ್ನೇ ಕತ್ತರಿಸುತ್ತೇನೆ.

ಅಶ್ವಿನಿ, ಭರಣಿ ಮಳೆ ಬಿದ್ದ ಮೇಲೆ ಉದುರಿದ ತುಂಬೆ ಬೀಜ ತಾನಾಗಿಯೇ ಹುಟ್ಟುತ್ತದೆ. ಆಗ ಅಂಗಳ ಚೊಕ್ಕ ಮಾಡಲು ಯಾರನ್ನಾದರೂ ಕರೆದರೆ ಪಕ್ಕದಲ್ಲೇ ನಿಂತು, ಯಾವುದನ್ನು ಕೀಳಬಾರದು ಅಂತ ತೋರಿಸಿ.