ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಭಾಗ: ತುಕ್ಕು, ಉಪ್ಪು ತಡೆಯುವ ಕೆಲಸ

ಕೊಡಗಿಗೆ ಕಡಲಿಲ್ಲದಿದ್ದರೂ ಇಲ್ಲಿನ ಜೀಪುಗಳಿಗೆ ಉಪ್ಪು ತಪ್ಪುವುದಿಲ್ಲ. ತೋಟಕ್ಕೆ ಸಾಗಿಸುವ ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಅದರಲ್ಲೂ ಇದೆ. ಹರಿದ ಚೀಲದಿಂದ ಉದುರಿದ ಹರಳು ಹಿಂಬದಿಯ ತಳದ ಸಂದಿಯಿಂದ ಇಳಿದು ಚಾಸಿಯ (ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟಿನ) ಮೇಲೆ ಕೂರುತ್ತದೆ. ಜೂನ್ ತಿಂಗಳ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಅಲ್ಲೇ ಕರಗುತ್ತದೆ. ಮಳೆ ನೀರು ಬೀಳದಿದ್ದರೂ ಕಬ್ಬಿಣ ಒದ್ದೆಯಾಗಿಯೇ ಉಳಿಯುತ್ತದೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇನ್ನೂ ಕೆಟ್ಟದ್ದು. ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣಕ್ಕೆಂದು ಕರಗಿಸಿಟ್ಟ ಮೈಲುತುತ್ತದ ನೀರು ಬಣ್ಣ ಹೋದ ಕಬ್ಬಿಣಕ್ಕೆ ತಾಗಿದರೆ ತಾಮ್ರ ಅದರ ಮೇಲೆ ಕೂತು, ಕಬ್ಬಿಣ ಕರಗಿ ಹೋಗುತ್ತದೆ. ಹಣ್ಣು ಕಾಫಿಯ ಚೀಲದಿಂದ ಸೋರುವ ಹುಳಿ ರಸವೂ ಬಣ್ಣವನ್ನು ತಿನ್ನುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು, ಕಣ್ಣೂರು ಹತ್ತಿರದ ಮುಳಪ್ಪಿಲಂಗಾಡಿನಲ್ಲಿ ಮರಳ ಮೇಲೆ ಜೀಪು ಓಡಿಸಿ ಬರುವವರಿಗೆ ಕಡಲ ಉಪ್ಪೂ ಸೇರುತ್ತದೆ.

ಅಡಿಭಾಗಕ್ಕೆ ಹಚ್ಚುವ ಕೋಟಿಂಗ್‌ಗಿಂತ ಶುಚಿಯೂ ಒಣಗುವಿಕೆಯೂ ಮುಖ್ಯ ಎಂಬುದು ಈ ಕೆಲಸದಲ್ಲಿ ಮೊದಲು ಮನಸ್ಸಿಗೆ ಬರಬೇಕು. ಕೆಸರಿನ ಮೇಲೆ ಹಚ್ಚಿದ ಕಪ್ಪು ಕೋಟಿಂಗ್ ಒಳಗೆ ನೀರನ್ನು ಹಿಡಿದಿಟ್ಟುಕೊಂಡು, ಕೋಟಿಂಗ್ ಇಲ್ಲದ ಚಾಸಿಗಿಂತ ಬೇಗ ಕೊಳೆಸುತ್ತದೆ. ಹೊರಗೆ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ.

ಸಮಯ ಫೆಬ್ರವರಿಯಿಂದ ಏಪ್ರಿಲ್. ಮೇ ಕೊನೆಗೆ ಬಿಟ್ಟರೆ ಮುಂಗಾರಿನ ಮೊದಲ ಮಳೆಯೇ ಹಸಿ ಕೋಟಿಂಗ್ ಮೇಲೆ ಬೀಳುತ್ತದೆ. ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣ ಒಳ್ಳೆಯ ಜಾಗ. ಸಮತಟ್ಟಾಗಿ, ಗಟ್ಟಿಯಾಗಿ, ಬಿಸಿಲಿಗೆ ತೆರೆದುಕೊಂಡಿರುತ್ತದೆ. ಕೆಳಗೆ ದಪ್ಪ ಟಾರ್ಪಾಲು ಹಾಸಿಯೇ ಕೆಲಸ ಶುರು ಮಾಡಿ. ಮುಂದಿನ ವರ್ಷ ಅದೇ ಕಣದಲ್ಲಿ ಕಾಫಿ ಒಣಗಬೇಕು, ಎಣ್ಣೆಯ ವಾಸನೆ ಕಾಫಿಗೆ ಹಿಡಿದರೆ ಬಿಡುವುದಿಲ್ಲ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಚಾಸಿಯ ಕೆಳಗೆ ನಾಲ್ಕು ಸ್ಟ್ಯಾಂಡ್ ಕೊಟ್ಟು, ಪಕ್ಕದಿಂದ ಜೋರಾಗಿ ತಳ್ಳಿ ನೋಡಿ, ಅಲ್ಲಾಡದಿದ್ದರೆ ಮಾತ್ರ ಒಳಗೆ ಹೋಗಿ.

ತೊಳೆಯುವುದು

ಚಕ್ರ ನಾಲ್ಕೂ ಬಿಚ್ಚಿ. ಒಣ ಮಣ್ಣನ್ನು ಮೊದಲು ಮರದ ಕಡ್ಡಿಯಿಂದ ಕೆದಕಿ ಬೀಳಿಸಿ, ಆಮೇಲೆ ಪ್ರೆಷರ್ ವಾಷರ್ ಹಿಡಿಯಿರಿ. ಆಲ್ಟರ್ನೇಟರ್, ವೈರಿಂಗ್ ಕಪ್ಲರ್, ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಮೇಲಿನ ಗಾಳಿ ಕಿಂಡಿಯಾದ ಬ್ರೀದರ್, ಹಬ್ ಸೀಲ್‌ಗಳಿಗೆ ನೇರವಾಗಿ ಹೊಡೆಯಬಾರದು. ನೀರು ಒಳನುಗ್ಗಿದ ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ ಆಯಿಲ್ ಬದಲಾಯಿಸದೆ ಓಡಿಸಬೇಡಿ.

ಹೆಚ್ಚಿನವರು ಮರೆಯುವುದು ಚಾಸಿಯ ಒಳಭಾಗ. ಅದು ಪೆಟ್ಟಿಗೆಯ ಆಕಾರದ ಟೊಳ್ಳು ಕಬ್ಬಿಣ. ಕೆಳಗಡೆ ನೀರು ಇಳಿಯಲು ತೂತುಗಳಿರುತ್ತವೆ, ಕೆಂಪು ಜೇಡಿ ಅವನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಚಾಸಿ ಒಳಗೆ ಮಳೆಗಾಲವಿಡೀ ಕೆಸರು ನೀರು ನಿಂತಿರುತ್ತದೆ. ತಂತಿಯಿಂದ ಪ್ರತಿಯೊಂದು ತೂತನ್ನೂ ಬಿಡಿಸಿ, ಮೇಲಿನ ಕಿಂಡಿಗೆ ಪೈಪ್ ಕೊಟ್ಟು, ಕೆಳಗೆ ಬರುವ ನೀರು ತಿಳಿಯಾಗುವವರೆಗೂ ಹರಿಸಿ. ಬಾಗಿಲುಗಳ ತಳದ ತೂತುಗಳಿಗೂ ಹೀಗೇ ಮಾಡಿ. ಒಳಗಿನ ರಬ್ಬರ್ ಮ್ಯಾಟ್ ತೆಗೆದು ನೋಡಿ. ಒದ್ದೆ ಮ್ಯಾಟ್ ಅಡಿಯಲ್ಲಿ ಫ್ಲೋರ್ ಮೇಲಿನಿಂದಲೇ ತೂತಾಗುತ್ತದೆ.

ತೊಳೆದ ಮೇಲೆ ಎರಡು ದಿನ ಒಳ್ಳೆಯ ಬಿಸಿಲಿಗೆ ಬಿಡಿ, ಕಂಪ್ರೆಸರ್ ಇದ್ದರೆ ಸಂದಿಗಳಿಗೆ ಗಾಳಿ ಹೊಡೆಯಿರಿ. ಮಡಿಕೇರಿ, ಭಾಗಮಂಡಲದ ಕಡೆ ಬೆಳಗ್ಗೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಇಬ್ಬನಿ ಇರುತ್ತದೆ. ಪ್ರೈಮರ್ (ಕೋಟಿಂಗ್‌ಗೆ ಮುಂಚೆ ಹಚ್ಚುವ ತಳದ ಬಣ್ಣ) ಕೆಲಸ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಮುಗಿಯಲಿ.

ತಟ್ಟಿ ನೋಡುವುದು, ತುಕ್ಕು ತೆಗೆಯುವುದು

ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಅನ್ನುತ್ತದೆ, ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವಲ್ಲಿ, ಕಮಾನ್ ಪ್ಲೇಟಿನ ಹ್ಯಾಂಗರ್ ಸುತ್ತ, ಬಾಡಿ ಚಾಸಿಗೆ ಕೂರುವ ಬಾಡಿ ಮೌಂಟ್ ಬಳಿ, ಹಿಂದಿನ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರಿನಲ್ಲಿ ವಿಶೇಷವಾಗಿ ನೋಡಬೇಕು. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಹೋಗುವ ಜಾಗಕ್ಕೆ ಯಾವ ಕೋಟಿಂಗ್ ಕೂಡ ಪರಿಹಾರವಲ್ಲ. ಬ್ಯಾಟರಿ ಬಿಚ್ಚಿ, ಕೊಳೆತ ಭಾಗವನ್ನು ಗಟ್ಟಿ ಲೋಹದವರೆಗೆ ಕತ್ತರಿಸಿ, ಚಾಸಿ ಕೆಲಸ ಗೊತ್ತಿರುವ ವೆಲ್ಡರ್‌ನಿಂದ ಅಷ್ಟೇ ದಪ್ಪದ ಪ್ಲೇಟ್ ಹಾಕಿಸಿ. ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಮುಂದೆ ಜೀಪು ಓಡಿಸುವವರ ಜೀವಕ್ಕೆ ಅಪಾಯ.

ಮೇಲ್ಮೈ ತುಕ್ಕಿಗೆ ಮೊದಲು ಸ್ಕ್ರೇಪರ್, ನಂತರ ಗ್ರೈಂಡರಿಗೆ ತಂತಿ ಬ್ರಷ್. ಕನ್ನಡಕ ಹಾಕದೆ ಬೇಡ, ತಂತಿ ಚೂರು ಕಣ್ಣಿಗೆ ಹಾರುತ್ತದೆ. ಪದರ ಪದರವಾದ ತುಕ್ಕು ಪೂರ್ತಿ ಹೋಗಿ, ಕಂದು ಕಲೆ ಮಾತ್ರ ಉಳಿದಾಗ ರಸ್ಟ್ ಕನ್ವರ್ಟರ್ ಹಚ್ಚಿ. ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲದ ಈ ದ್ರಾವಣ ಉಳಿದ ತುಕ್ಕನ್ನು ಗಟ್ಟಿಯಾದ ಕಪ್ಪು ಪದರವಾಗಿಸುತ್ತದೆ. ಪದರ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಭಾಗ ಮಾತ್ರ ಕಪ್ಪಾಗಿ ತಳದಲ್ಲಿ ತುಕ್ಕು ನಡೆದೇ ಇರುತ್ತದೆ. ಮಧ್ಯಮ ಗಾತ್ರದ ಜೀಪಿಗೆ ಅರ್ಧ ಲೀಟರ್ ಸಾಕು. ಮಾರನೇ ದಿನದವರೆಗೆ ಒಣಗಲಿ.

ಪ್ರೈಮರ್, ಕೋಟಿಂಗ್, ವ್ಯಾಕ್ಸ್

ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಆದರೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಗಟ್ಟಿಯಾಗಿಸುವ ಎರಡನೇ ಡಬ್ಬಿಯ ಹಾರ್ಡನರ್ ಪ್ರಮಾಣ ಡಬ್ಬಿ ಮೇಲೆ ಹೇಳಿದಷ್ಟೇ ಇರಲಿ. ಅಂದಾಜಿನಲ್ಲಿ ಬೆರೆಸಿದರೆ ಒಂದೋ ಅಂಟಂಟಾಗಿ ಉಳಿಯುತ್ತದೆ, ಇಲ್ಲವೇ ಒಡೆಯುತ್ತದೆ. ತೆಳ್ಳಗೆ ಎರಡು ಬಾರಿ, ಸುಮಾರು ಒಂದು ಲೀಟರ್.

ಅದು ಗಟ್ಟಿಯಾದ ಮೇಲೆ ಚಕ್ರದ ಕಮಾನು, ಫ್ಲೋರಿನ ಅಡಿ, ಚಾಸಿಯ ಹೊರಬದಿಗೆ ರಬ್ಬರ್ ಮಿಶ್ರಿತ ಅಂಡರ್‌ಬಾಡಿ ಕೋಟಿಂಗ್, ಮೂರರಿಂದ ನಾಲ್ಕು ಲೀಟರ್, ಎರಡು ಪದರ. ಮಾಂದಲಪಟ್ಟಿಯಂಥ ಕಲ್ಲು ದಾರಿಯಲ್ಲಿ ಹೋಗುವ ಗಾಡಿಗೆ ಮುಂದಿನ ಚಕ್ರದ ಹಿಂಭಾಗದಲ್ಲಿ ಮೂರನೆಯದನ್ನೂ ಕೊಡಿ, ಕಲ್ಲು ಸಿಡಿಯುವುದು ಅಲ್ಲೇ. ಸೈಲೆನ್ಸರ್ ಪೈಪ್, ಬ್ರೇಕ್ ಡಿಸ್ಕ್, ಡ್ರಮ್, ರಬ್ಬರ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ಗ್ರೀಸ್ ನಿಪ್ಪಲ್, ಬ್ರೀದರ್, ಸೆನ್ಸರ್ ಎಲ್ಲವನ್ನೂ ಪ್ಲಾಸ್ಟಿಕ್ ಮತ್ತು ಟೇಪಿನಿಂದ ಮುಚ್ಚಿ. ತಿರುಗುವ ಈ ಶಾಫ್ಟ್ ಮೇಲೆ ಕೋಟಿಂಗ್ ಬಿದ್ದರೆ ತೂಕ ತಪ್ಪಿ ಗಾಡಿ ನಡುಗುತ್ತದೆ. ನೀರು ಇಳಿಯುವ ತೂತುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಕೊನೆಗೆ ಎಳೆದು ತೆಗೆಯಿರಿ.

ಚಾಸಿಯ ಒಳಗೆ ಕೋಟಿಂಗ್ ಹೋಗುವುದಿಲ್ಲ, ಅಲ್ಲಿಗೆ ಟೊಳ್ಳಿನೊಳಗೆ ಸಿಂಪಡಿಸುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಬೇಕು. ಸುತ್ತಲೂ ಸಿಂಪಡಿಸುವ ನಾಜಲ್ ಇರುವ ಉದ್ದ ಕೊಳವೆಯನ್ನು ಕೊನೆಯವರೆಗೆ ತೂರಿಸಿ, ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾ ಒತ್ತಿ. ಎರಡು ಲೀಟರ್ ಹಿಡಿಯಬಹುದು. ತೂತುಗಳಿಂದ ಎರಡು ಹನಿ ಹೊರಬಂದರೆ ತಳದವರೆಗೂ ತಲುಪಿದೆ ಎಂದರ್ಥ. ಹಣಕ್ಕೆ ಮಿತಿ ಇದ್ದರೆ ಹೊರಗಿನ ಕೋಟಿಂಗ್ ಬಿಟ್ಟಾದರೂ ಈ ವ್ಯಾಕ್ಸ್ ಹಾಕಿಸಿ.

ಹಳೇ ಇಂಜಿನ್ ಆಯಿಲ್ ಹೊಡೆಯುವ ಪದ್ಧತಿ ಇನ್ನೂ ಇದೆ, ಅದನ್ನು ಬಿಡಬೇಕು. ಓಡಿ ಸವೆದ ಆಯಿಲಿನಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತವೆ, ರಬ್ಬರ್ ಬುಷ್ ಉಬ್ಬಿ ಮೆತ್ತಗಾಗುತ್ತದೆ, ಮೊದಲ ಜೋರು ಮಳೆಗೆ ಎಲ್ಲ ತೊಳೆದು ತೋಡಿಗೆ ಸೇರುತ್ತದೆ. ನಮ್ಮ ಹೆಚ್ಚಿನ ತೋಡುಗಳ ನೀರು ಕಾವೇರಿಗೆ ಹೋಗುತ್ತದೆ.

ಆಮೇಲಿನ ನಿಗಾ

ಗೊಬ್ಬರ ಹೇರುವಾಗ ತಳಕ್ಕೆ ಟಾರ್ಪಾಲು ಹಾಸಿ. ಇಳಿಸಿದ ದಿನವೇ ಮೊದಲು ಗುಡಿಸಿ, ಆಮೇಲೆ ತೊಳೆಯಿರಿ. ಕಡಲ ಕಡೆಗೆ ಹೋಗಿ ಬಂದರೆ ಅದೇ ದಿನ ಸಿಹಿನೀರು ಬೇಕು. ಹುಲ್ಲಿಗೆ ನೀರು ಹಾಕುವ ಸಣ್ಣ ಸ್ಪ್ರಿಂಕ್ಲರನ್ನು ಜೀಪಿನ ಅಡಿಯಲ್ಲಿಟ್ಟು, ಮುಂದೆ ಇಪ್ಪತ್ತು ನಿಮಿಷ, ಹಿಂದೆ ಇಪ್ಪತ್ತು ನಿಮಿಷ ಬಿಟ್ಟರೆ ಕೈ ಹೋಗದ ಸಂದಿಯ ಉಪ್ಪೂ ಕರಗುತ್ತದೆ. ಉಪ್ಪಿಗೆ ಒತ್ತಡಕ್ಕಿಂತ ಧಾರಾಳ ನೀರು ಬೇಕು.

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಅಡಿಗೆ ಇಳಿಯಿರಿ. ಅಂಚು ಎದ್ದ ಕೋಟಿಂಗನ್ನು ಚಾಕುವಿನಿಂದ ಗಟ್ಟಿ ಹಿಡಿದಿರುವವರೆಗೆ ಕತ್ತರಿಸಿ, ಅಷ್ಟು ಜಾಗಕ್ಕೆ ಮಾತ್ರ ಮತ್ತೆ ಬ್ರಷ್, ಪ್ರೈಮರ್, ಕೋಟಿಂಗ್ ಮಾಡಿ. ಚಾಸಿಗೆ ಕ್ಲಿಪ್ ಹಾಕಿರುವಲ್ಲಿ ಬ್ರೇಕ್ ಪೈಪನ್ನು ಬಟ್ಟೆಯಿಂದ ಒರೆಸಿ ಉಗುರಾಡಿಸಿ. ಗುಳಿ ಬಿದ್ದ ಹಾಗೆ ತಾಗಿದರೆ ಪೈಪ್ ಬದಲಾಯಿಸುವವರೆಗೆ ಘಾಟಿ ಇಳಿಯಬೇಡಿ.