ಹಳಿಯ ಕೆಳಗಿನ ಎರೆಮಣ್ಣು ಮತ್ತು ಅದಿರಿನ ಗಾಡಿಗಳು: ನನ್ನ ಅನುಭವ

ಹುಬ್ಬಳ್ಳಿಯಿಂದ ಅಣ್ಣಿಗೇರಿ ಮಾರ್ಗವಾಗಿ ಗದಗಕ್ಕೆ ಹೋಗುವ ರೈಲು ಹಳಿಯ ಬಹುಭಾಗ ಎರೆಭೂಮಿಯಲ್ಲಿ ಹಾದುಹೋಗುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇಲ್ಲಿ ಮೀಟರ್ ಗೇಜ್ ಹಳಿ ಹಾಕಿತು. ಹಳಿಯನ್ನು ಹೊರುವ ಮಣ್ಣಿನ ದಿಬ್ಬಕ್ಕೆ, ಅಂದರೆ ಏರಿಗೆ, ಪಕ್ಕದ ಹೊಲದ ಮಣ್ಣನ್ನೇ ತೆಗೆದು ಹಾಕುವುದು ಆ ಕಾಲದ ರೂಢಿಯಾಗಿತ್ತು. 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆದಾಗ ಹಳಿ, ಅದರಡಿಯ ಅಡ್ಡತೊಲೆಗಳಾದ ಸ್ಲೀಪರ್, ಜಲ್ಲಿ ಎಲ್ಲವೂ ಹೊಸದಾದವು, ಆದರೆ ಅನೇಕ ಕಡೆ ಏರಿಯ ಒಡಲು ಹಳೆಯದೇ ಉಳಿಯಿತು. ಇಂಥ ಒಂದು ಭಾಗದ ಹಳಿ ನಿರ್ವಹಣೆಯ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ ಹೊಸಪೇಟೆ ಕಡೆಯ ಅದಿರು ಪಶ್ಚಿಮಕ್ಕೆ, ಮುರ್ಮುಗೋವಾ ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಕಡೆಗೆ ಇದೇ ಏರಿಯ ಮೇಲೆ ಸಾಗುತ್ತಿದ್ದವು. ಪದೇ ಪದೇ ಕುಸಿಯುತ್ತಿದ್ದ ಒಂದು ಜಾಗವನ್ನು ನಾವು ಹೇಗೆ ಅರ್ಥ ಮಾಡಿಕೊಂಡೆವು, ಹೇಗೆ ಸರಿಪಡಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾರದ ಲೆಕ್ಕ. ಅದಿರು, ಕಲ್ಲಿದ್ದಲು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್ನಿನ ಮೂಲ ಆಕ್ಸಲ್ ಭಾರ (ಒಂದು ಜೋಡಿ ಚಕ್ರದ ಅಚ್ಚು ಹೊರುವ ಭಾರ) 20.32 ಟನ್. 2005ರಿಂದ ದೇಶದ ಅದಿರಿನ ಮಾರ್ಗಗಳಲ್ಲಿ ಹೆಚ್ಚುವರಿ ಲೋಡಿಂಗ್‌ಗೆ ಅನುಮತಿ ದೊರೆಯತೊಡಗಿ ಅದು 22.82 ಟನ್ನಿಗೆ ಏರಿತು. 58 ವ್ಯಾಗನ್ನುಗಳ ಒಂದು ಪೂರ್ಣ ರೇಕ್, ಅಂದರೆ ಒಂದು ಇಡೀ ಗೂಡ್ಸ್ ಗಾಡಿ, ಐದು ಸಾವಿರ ಟನ್ ಮೀರುತ್ತದೆ. ಒಂದೊಂದು ಚಕ್ರದ ಹನ್ನೊಂದು ಟನ್ನಿಗೂ ಮಿಕ್ಕ ಭಾರ ಉಗುರಿನಗಲದ ಜಾಗದಲ್ಲಿ ಹಳಿಗೆ ಇಳಿದು, ಸುಮಾರು 60 ಸೆಂ.ಮೀ. ಅಂತರದ ಸ್ಲೀಪರುಗಳಿಗೆ ಹಂಚಿಕೆಯಾಗಿ, 30 ಸೆಂ.ಮೀ. ದಪ್ಪದ ಜಲ್ಲಿಯಲ್ಲಿ ಹರಡಿ ಮಣ್ಣಿಗೆ ತಲುಪುವಾಗ ಚದರ ಸೆಂಟಿಮೀಟರಿಗೆ ಒಂದು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಒಣಗಿದ ಎರೆಮಣ್ಣು ಇದನ್ನು ಸಲೀಸಾಗಿ ಹೊರುತ್ತದೆ. ನೀರು ಕುಡಿದು ಉಬ್ಬಿದ ಅದೇ ಮಣ್ಣು ಹೊರಲಾರದು. ಜಲ್ಲಿಯಲ್ಲಿ ಮಣ್ಣು ಬೆರೆತು ಅದರ ದಪ್ಪ ಅರ್ಧಕ್ಕಿಳಿದರಂತೂ ಭಾರ ಹರಡಲು ಜಾಗವೇ ಇರುವುದಿಲ್ಲ.

ಆಕ್ಸಲ್ ಭಾರಕ್ಕೆ ಸಿಗುವ ಗಮನ ಆಕ್ಸಲ್‌ಗಳ ಜೋಡಣೆಗೆ ಸಿಗುವುದಿಲ್ಲ. ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ ಹತ್ತೂಮುಕ್ಕಾಲು ಮೀಟರಿಗಿಂತ ತುಸು ಕಡಿಮೆ. ಪ್ರತಿ ವ್ಯಾಗನ್ನಿನ ಅಡಿಯಲ್ಲಿ ಎರಡೆರಡು ಆಕ್ಸಲ್‌ಗಳ ಎರಡು ಚೌಕಟ್ಟುಗಳಿರುತ್ತವೆ, ಇವೇ ಬೋಗಿಗಳು. ಒಂದು ವ್ಯಾಗನ್ನಿನ ಹಿಂದಿನ ಬೋಗಿಯೂ ಅದರ ಹಿಂದಿನ ವ್ಯಾಗನ್ನಿನ ಮುಂದಿನ ಬೋಗಿಯೂ ಅಕ್ಕಪಕ್ಕ ಬರುವುದರಿಂದ ನಾಲ್ಕು ಆಕ್ಸಲ್‌ಗಳು ಸುಮಾರು ಎರಡೆರಡು ಮೀಟರ್ ಅಂತರದಲ್ಲಿ ಒತ್ತಾಗಿ ನಿಲ್ಲುತ್ತವೆ. ಆಮೇಲೆ ನಾಲ್ಕೂವರೆ ಮೀಟರ್ ಖಾಲಿ. ಮೇಲಿನ ಜಲ್ಲಿಗೆ ಪ್ರತಿ ಆಕ್ಸಲ್ಲಿನ ಹೊಡೆತವೂ ಬೇರೆಬೇರೆಯಾಗಿ ತಾಗುತ್ತದೆ. ಆದರೆ ಒಂದೆರಡು ಮೀಟರ್ ಆಳದ ಮಣ್ಣಿಗೆ ಆ ನಾಲ್ಕೂ ಸೇರಿ ಒಂದೇ ದೀರ್ಘ ಒತ್ತಡವಾಗಿ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದು ಸೆಕೆಂಡಿಗೆ ಒಂದೂವರೆ ಬಾರಿಯಂತೆ ರೇಕ್ ಮುಗಿಯುವವರೆಗೂ ನಡೆಯುತ್ತದೆ. ನೆನೆದ ಜೇಡಿಯಲ್ಲಿ ಪ್ರತಿ ಒತ್ತಡಕ್ಕೂ ಕಣಗಳ ನಡುವಿನ ನೀರಿನ ಒತ್ತಡ ಸ್ವಲ್ಪ ಸ್ವಲ್ಪವೇ ಏರುತ್ತದೆ, ಮತ್ತು ಎರೆಮಣ್ಣು ನೀರನ್ನು ಬಿಟ್ಟುಕೊಡುವುದು ಬಹಳ ನಿಧಾನವಾದ್ದರಿಂದ ಅದು ಇಳಿಯುವ ಮೊದಲೇ ಮುಂದಿನ ಗಾಡಿ ಬಂದಿರುತ್ತದೆ. ಪ್ರಯಾಣಿಕರ ಗಾಡಿ ಹೆಚ್ಚು ವೇಗದಲ್ಲಿ ಹೋದರೂ ನೆಲದ ಆಳಕ್ಕೆ ಈ ಪ್ರಮಾಣದ ದಣಿವನ್ನು ಕೊಡುವುದಿಲ್ಲ.

ನಮ್ಮ ಜಾಗದಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದವು. ಮಳೆಗಾಲ ಹಿಡಿದ ಕೂಡಲೇ ಕ್ರಾಸ್ ಲೆವೆಲ್, ಅಂದರೆ ಎರಡು ಹಳಿಗಳ ಮಟ್ಟದ ಹೊಂದಾಣಿಕೆ, ತಪ್ಪುತ್ತಿತ್ತು. ಯಂತ್ರದಿಂದ ಟ್ಯಾಂಪಿಂಗ್ ಮಾಡಿಸಿದರೆ (ಹಳಿ ಎತ್ತಿ ಸ್ಲೀಪರಿನಡಿ ಜಲ್ಲಿಯನ್ನು ಬಿಗಿಯಾಗಿ ತುಂಬಿಸಿದರೆ) ಕೆಲವು ದಿನ ಸರಿಯಿದ್ದು ಮತ್ತೆ ಅಲ್ಲೇ ತಗ್ಗು ಬೀಳುತ್ತಿತ್ತು. ವೇಗ ನಿರ್ಬಂಧ ತೆಗೆಯುವಂತೆಯೇ ಇರಲಿಲ್ಲ. ದಿನವೂ ಹಳಿಯುದ್ದಕ್ಕೂ ನಡೆದು ತಪಾಸಣೆ ಮಾಡುವ ಅಲ್ಲಿನ ಹಿರಿಯ ಕೀಮನ್ ಒಬ್ಬರು, "ಸಾಹೇಬ್ರ, ಇಲ್ಲಿ ಎಷ್ಟ್ ಜಲ್ಲಿ ಹಾಕಿದ್ರೂ ನೆಲ ನುಂಗತೈತ್ರಿ" ಎಂದು ಹೇಳುತ್ತಿದ್ದರು. ಹಳಿಯ ಏರುಪೇರನ್ನು ಅಳೆಯುವ ಗಾಡಿಯ ವರದಿಗಳು ಬೇಕು, ನಿಜ. ಆದರೆ ಲೋಡಾದ ರೇಕ್ ಹಾದುಹೋಗುವಾಗ ಸುರಕ್ಷಿತ ದೂರದಲ್ಲಿ ನಿಂತು ಸ್ಲೀಪರಿನ ತುದಿಯನ್ನು ನೋಡುವುದಕ್ಕೆ ಸಮನಾದ ಪರೀಕ್ಷೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಪ್ರತಿ ಬೋಗಿಗೂ ಸ್ಲೀಪರು ಕುಗ್ಗಿ ಏಳುತ್ತಿತ್ತು. ಎದ್ದಾಗ ಬೂದುಗಪ್ಪು ರಾಡಿ ಜಲ್ಲಿಯ ಸಂದಿನಿಂದ ಚಿಮ್ಮಿ ಸ್ಲೀಪರಿನ ಮೇಲೆಯೇ ಬೀಳುತ್ತಿತ್ತು. ಇಂಥ ರಾಡಿಯ ತಾಣಗಳು ಹೆಚ್ಚಾಗಿ ವೆಲ್ಡ್ ತುಸು ತಗ್ಗಾದಲ್ಲಿ, ಇಲ್ಲವೇ ಸೇತುವೆಗೆ ಸೇರುವ ಏರಿಯ ಭಾಗದಲ್ಲಿ (ಅಪ್ರೋಚಿನಲ್ಲಿ) ಶುರುವಾಗುತ್ತವೆ, ಏಕೆಂದರೆ ಚಕ್ರದ ಹೊಡೆತ ಜೋರಾಗುವುದು ಅಲ್ಲಿಯೇ.

ನೆಲದೊಳಗೆ ಏನಿದೆ ಎಂದು ತಿಳಿಯಲು ಟ್ರಾಫಿಕ್ ಬ್ಲಾಕ್ (ಗಾಡಿಗಳ ಓಡಾಟ ನಿಲ್ಲಿಸಿದ ಅವಧಿ) ಪಡೆದು ಎರಡು ಸ್ಲೀಪರುಗಳ ನಡುವೆ ಹಳಿಗೆ ಅಡ್ಡಲಾಗಿ, ಒಂದು ಸೆಸ್ಸಿನಿಂದ (ಜಲ್ಲಿಯ ಹೊರಗೆ ಉಳಿಯುವ ಏರಿಯ ಅಂಚು) ಇನ್ನೊಂದು ಸೆಸ್ಸಿನವರೆಗೆ, ಕಾಲುವೆ ತೋಡಿಸಿದೆವು. ನಕ್ಷೆಯ ಪ್ರಕಾರ ಜಲ್ಲಿಯ ತಳ ಮಧ್ಯದಿಂದ ಎರಡೂ ಬದಿಗೆ 30ಕ್ಕೆ 1ರಂತೆ ಇಳಿಜಾರಾಗಿರಬೇಕು. ಕಂಡದ್ದು ಬೇರೆ. ಎರಡೂ ಹಳಿಗಳ ಕೆಳಗೆ ಮಣ್ಣು ಒಳಕ್ಕೆ ಕುಸಿದು ದನಕ್ಕೆ ನೀರಿಡುವ ಬಾನಿಯಂಥ ಎರಡು ಹೊಂಡಗಳಾಗಿದ್ದವು. ವರ್ಷವರ್ಷವೂ ಸುರಿದ ಜಲ್ಲಿ ಅದರೊಳಗೆ ಒಂದು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಹೊಂಡಗಳ ನಡುವೆ ಕಪ್ಪು ಜೇಡಿ ದಿಬ್ಬವಾಗಿ ಮೇಲೆದ್ದಿತ್ತು, ಹೊರಬದಿಯಲ್ಲಿ ಸೆಸ್ ಉಬ್ಬಿ ನೀರಿಗೆ ಕಟ್ಟೆ ಹಾಕಿತ್ತು. ಗುದ್ದಲಿ ತಾಗಿದಲ್ಲಿ ಜೇಡಿ ನುಣ್ಣಗೆ ಹೊಳೆಯುತ್ತಿತ್ತು. ಎಷ್ಟೋ ದಿನ ಮಳೆಯಿಲ್ಲದಿದ್ದರೂ ಹೊಂಡದ ತಳದಲ್ಲಿ ನೀರು ನಿಂತಿತ್ತು. ಅಲ್ಲಿಂದ ತೆಗೆದ ಕಲ್ಲುಗಳ ಅಂಚು ಸವೆದು ದುಂಡಾಗಿ, ಮೈಗೆ ರಾಡಿ ಮೆತ್ತಿಕೊಂಡಿತ್ತು.

ಭಾರದ ಒತ್ತಡಕ್ಕೆ ಮಣ್ಣು ಹಳಿಯ ಕೆಳಗಿನಿಂದ ಪಕ್ಕಕ್ಕೆ ಜರುಗಿ ಸೆಸ್ಸಿನಲ್ಲಿ ಮೇಲೇಳುತ್ತದೆ, ತಗ್ಗಾದಲ್ಲಿ ನೀರು ನಿಲ್ಲುತ್ತದೆ, ನೀರು ಮಣ್ಣನ್ನು ಇನ್ನಷ್ಟು ಮೆತ್ತಗಾಗಿಸುತ್ತದೆ. ಟ್ಯಾಂಪಿಂಗ್ ಹಳಿಯನ್ನು ಎತ್ತುತ್ತದೆಯೇ ಹೊರತು ಹೊಂಡವನ್ನು ಬರಿದು ಮಾಡುವುದಿಲ್ಲ. ಬೇಸಿಗೆಯಲ್ಲಿ ಏರಿಯ ಇಳಿಜಾರಿನಲ್ಲಿ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಬಿಡುತ್ತವೆ. ಮೊದಲ ಮಳೆಯ ನೀರು ಅವುಗಳ ಮೂಲಕ ನೇರವಾಗಿ ಒಡಲಿಗೆ ಇಳಿಯುತ್ತದೆ. ಜೋಡಿ ಮಾರ್ಗಕ್ಕಾಗಿ ಪಕ್ಕದಲ್ಲಿ ಹೊಸ ಏರಿ ಎದ್ದ ಮೇಲೆ ಒಂದು ಬದಿಯ ನೀರು ಹೊರಹೋಗುವ ದಾರಿಯೂ ಮುಚ್ಚಿಹೋಗಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ: ಹೊಸ ಏರಿಯನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ, ಹಳೆಯ ಏರಿಯ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಹಳೆಯ ಹಳಿ ಕೆಡುವುದು ಖಂಡಿತ.

ಹೊಸ ಹಳಿಗೆ ಗಾಡಿಗಳನ್ನು ತಿರುಗಿಸಿದ ಬಳಿಕ ಹಳೆಯದನ್ನು ಬಿಚ್ಚಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಸಾಮಾನ್ಯವಾಗಿ ಇಂಥ ಅನುಕೂಲ ಸಿಗುವುದಿಲ್ಲ. ಚಾಲ್ತಿಯಲ್ಲಿರುವ ಹಳಿಯಲ್ಲಿ ಸುಣ್ಣದ ತಿಳಿಯನ್ನು ಒತ್ತಡದಿಂದ ಏರಿಗೆ ಇಳಿಸುವಂಥ ಉಪಾಯಗಳಿಗೆ ಮೊರೆ ಹೋಗಬೇಕಾಗುತ್ತದೆ. ನಾವು ಮೊದಲು ಅಡ್ಡ ಚರಂಡಿಗಳನ್ನು ತೆಗೆದು ಹೊಂಡಗಳ ನೀರನ್ನು ಹರಿಯಬಿಟ್ಟೆವು. ಆಮೇಲೆ ಕೆಟ್ಟ ಜಲ್ಲಿಯನ್ನೂ ಮೆತ್ತನೆಯ ಜೇಡಿಯನ್ನೂ ಹೊಂಡದ ತಳದವರೆಗೆ ತೆಗೆದು, ಗರಸನ್ನು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತೆಳುವಾದ ಪದರಗಳಲ್ಲಿ ಹರಡಿ, ಹದವಾದ ತೇವದಲ್ಲಿ ರೋಲರ್ ಹೊಡೆಸಿದೆವು. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ಕೃತಕ ನಾರಿನ ಬಟ್ಟೆಯ ಹಾಸು, ಅದರ ಮೇಲೆ ದಪ್ಪ–ಸಣ್ಣ ಕಣಗಳು ಸರಿಯಾದ ಪ್ರಮಾಣದಲ್ಲಿ ಬೆರೆತ ಬ್ಲ್ಯಾಂಕೆಟ್ ಪದರ, ಕೊನೆಗೆ ಹೊಸ ಜಲ್ಲಿ. ಬ್ಲ್ಯಾಂಕೆಟ್ಟಿಗೆ ಎರಡು ಕೆಲಸ: ಆಳದ ಮಣ್ಣಿಗೆ ತಲುಪುವ ಒತ್ತಡವನ್ನು ತಗ್ಗಿಸುವುದು, ಜೇಡಿಯ ಸಣ್ಣ ಕಣಗಳು ಜಲ್ಲಿಗೆ ಏರದಂತೆ ತಡೆಯುವುದು. ಬರಿಯ ಜಿಯೋಟೆಕ್ಸ್‌ಟೈಲ್ ಹಾಸಿ ಬ್ಲ್ಯಾಂಕೆಟ್ಟಿನ ಖರ್ಚನ್ನು ಉಳಿಸಬಹುದೆಂಬ ಸಲಹೆಗೆ ನಾನು ಒಪ್ಪಲಿಲ್ಲ, ಏಕೆಂದರೆ ಬಟ್ಟೆ ಕಣಗಳನ್ನು ಸೋಸಬಲ್ಲದು, ಭಾರವನ್ನು ಹೊರಲಾರದು. ಇಳಿಜಾರಿಗೆ ಗರಸಿನ ಹೊದಿಕೆ ಹಾಕಿ ಬಿರುಕಿನ ದಾರಿಯನ್ನು ಮುಚ್ಚಿದೆವು. ಎರಡು ಏರಿಗಳ ನಡುವೆ ಕಾಂಕ್ರೀಟ್ ಚರಂಡಿ ಕಟ್ಟಿ ಹತ್ತಿರದ ಮೋರಿಗೆ ಸೇರಿಸಿದೆವು.

ಗಾಡಿಗಳನ್ನು ಮತ್ತೆ ಬಿಟ್ಟಾಗ ಆರಂಭದಲ್ಲಿ ಗಂಟೆಗೆ 20 ಕಿ.ಮೀ. ವೇಗವಿಟ್ಟು, ಸೆಸ್ಸಿನಲ್ಲಿ ನೆಟ್ಟ ಗೂಟಗಳ ಆಧಾರದ ಮೇಲೆ ಲೆವೆಲ್ ಅಳೆಯುತ್ತ ಹಂತಹಂತವಾಗಿ ವೇಗ ಹೆಚ್ಚಿಸಿದೆವು. ಮೊದಲಿಗೆ ಹಳಿ ಸ್ವಲ್ಪ ಕೂತಿತು, ಹೊಸ ತುಂಬುಮಣ್ಣಿನಲ್ಲಿ ಅದು ಸಹಜ. ಬಳಿಕ ಅಳತೆಗಳು ಬದಲಾಗದೆ ಸ್ಥಿರವಾದವು, ಮಳೆಗಾಲದಲ್ಲಿಯೂ ರಾಡಿ ಕಾಣಿಸಲಿಲ್ಲ. ಆದರೆ ಗಟ್ಟಿ ಮಾಡಿದ ಭಾಗ ಮುಗಿದು ಹಳೆಯ ನೆಲ ಶುರುವಾಗುವಲ್ಲಿ ತೆಳುವಾಗಿ ತಗ್ಗು ಕಾಣತೊಡಗಿತು. ಗಟ್ಟಿ ನೆಲದಿಂದ ಮೆತ್ತನೆಯ ನೆಲಕ್ಕೆ ಇಳಿಯುವ ಚಕ್ರ ಅಲ್ಲಿ ಹೆಚ್ಚು ಜೋರಾಗಿ ಒತ್ತುತ್ತದೆ. ಆ ತುದಿಗಳಲ್ಲಿ ಬ್ಲ್ಯಾಂಕೆಟ್ಟನ್ನು ಒಮ್ಮೆಲೇ ನಿಲ್ಲಿಸದೆ, ದಪ್ಪವನ್ನು ಕ್ರಮೇಣ ಕಡಿಮೆ ಮಾಡುತ್ತ ಮುಂದಕ್ಕೆ ಒಯ್ಯುವ ಕೆಲಸವನ್ನು ಮುಂದಿನ ಬೇಸಿಗೆಯಲ್ಲಿ ಕೈಗೆತ್ತಿಕೊಂಡೆವು.