ಹಿಂದಿನ ಚಕ್ರ ಬಿಗಿದರೆ ಮೊದಲು ಬಿಚ್ಚಬೇಕಾದದ್ದು ಡ್ರಮ್ ಅಲ್ಲ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಹಳೆಯ ಅಂಬಾಸಡರ್ ಮತ್ತು ಪದ್ಮಿನಿ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಇಳಿಜಾರಿನಲ್ಲೂ ಗಾಡಿ ಉರುಳುವುದಿಲ್ಲ, ಪೆಟ್ರೋಲ್ ಖರ್ಚು ಏರಿದೆ, ನಿಲ್ಲಿಸಿ ಇಳಿದರೆ ಹಿಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ ಎಂಬ ದೂರು ಅವರಿಗೆ ಹೊಸದಲ್ಲ. ಇಂತಹ ಗಾಡಿ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಡ್ರಮ್ (ಚಕ್ರದ ಜೊತೆ ತಿರುಗುವ ಲೋಹದ ಬಟ್ಟಲು) ಬಿಚ್ಚಿ, ಅದರೊಳಗೆ ಉಜ್ಜಿ ಚಕ್ರ ನಿಲ್ಲಿಸುವ ಶೂಗಳ ಮೇಲಿನ ಪಟ್ಟಿಯಾದ ಲೈನರ್ ಬದಲಿಸುತ್ತಾರೆ. ನಮ್ಮ ಮನೆಯ ಅಂಬಾಸಡರ್‌ಗೆ ಹೀಗೆ ಎರಡು ಬಾರಿ ಲೈನರ್ ಹಾಕಿಸಿದ ಮೇಲೆ ತಪ್ಪು ಬ್ರೇಕ್ ಆಯಿಲ್ ಸಾಗಿಸುವ ಗೇಣುದ್ದದ ಒಂದು ರಬ್ಬರ್ ಹೋಸ್‌ನದೆಂದು ತಿಳಿಯಿತು. ಶೂಗಳನ್ನು ಒತ್ತಿ ಹಿಡಿದಿರುವುದು ಬ್ರೇಕ್ ಆಯಿಲ್‌ನ ಒತ್ತಡವೋ ಅಥವಾ ಕೇಬಲ್, ಸ್ಪ್ರಿಂಗ್‌ನಂತಹ ಬಿಡಿಭಾಗವೋ ಎಂಬುದನ್ನು ಡ್ರಮ್ ಮುಟ್ಟುವ ಮೊದಲೇ ತಿಳಿದುಕೊಳ್ಳಬಹುದು, ತಿಳಿದುಕೊಳ್ಳಲೇಬೇಕು.

ಮೊದಲಿಗೆ ಬ್ರೇಕ್ ನಿಜವಾಗಿಯೂ ಹಿಡಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ನಂದಿ ಬೆಟ್ಟ ಇಳಿದು ಬಂದ ತಕ್ಷಣ ಡ್ರಮ್ ಮುಟ್ಟಿ ತೀರ್ಮಾನಕ್ಕೆ ಬರುವುದು ಸರಿಯಲ್ಲ, ಏಕೆಂದರೆ ಆ ತಿರುವುಗಳಲ್ಲಿ ಆರೋಗ್ಯವಾಗಿರುವ ಬ್ರೇಕ್ ಕೂಡ ಕಾಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ವೇಗ ತಗ್ಗಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ಶಾಖವನ್ನು ಹೋಲಿಸಿ ನೋಡಬೇಕು. ಡ್ರಮ್ಮನ್ನೇ ಮುಟ್ಟಬಾರದು, ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು, ಚುರ್ ಎಂದರೆ ಉತ್ತರ ಸಿಕ್ಕಿತು.

ಯಾವ ಯಾವ ಚಕ್ರ ಕಾದಿದೆ ಎಂಬುದರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಒಂದೇ ಕೊಠಡಿಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಇರುವ ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಕಡೆಯಿಂದ ಆಯಿಲ್ ಹೋಗುವುದರಿಂದ, ಮುಂದಿನ ಚಕ್ರಗಳೂ ಕಾದಿದ್ದರೆ ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕು. ಪೆಡಲ್‌ಗೆ ಸ್ವಲ್ಪವೂ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಖಾಲಿ ಚಲನೆ) ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ; ಆಯಿಲ್ ಡಬ್ಬಿಗೆ ಮರಳಬೇಕಾದ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ; ಓಡಿದಂತೆಲ್ಲ ಕಾದು ಹಿಗ್ಗುವ ಆಯಿಲ್‌ಗೆ ಬೇರೆ ದಾರಿಯಿಲ್ಲದೆ ಅದು ಶೂಗಳನ್ನೇ ಒತ್ತುತ್ತದೆ. ಬೆಳಿಗ್ಗೆ ಸರಿಯಿದ್ದ ಗಾಡಿ ದಾರಿಯಲ್ಲಿ ಬಿಗಿಯುತ್ತಾ ಹೋಗಿ, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸಡಿಲವಾಗುವುದು ಇದರ ಲಕ್ಷಣ. ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡು ಇದೇ ತೊಂದರೆ ಆದದ್ದೂ ಉಂಟು. ಹಿಂದಿನ ಎರಡು ಮಾತ್ರ ಕಾದಿದ್ದರೆ ಹಿಂದಿನ ಹೋಸ್ ಅಥವಾ ಹ್ಯಾಂಡ್‌ಬ್ರೇಕ್ ಮೇಲೆ, ಒಂದೇ ಕಾದಿದ್ದರೆ ಆ ಚಕ್ರದೊಳಗಿನ ಭಾಗಗಳ ಮೇಲೆ ಅನುಮಾನ ಪಡಬೇಕು.

ಮುಂದಿನ ಪರೀಕ್ಷೆಗೆ ಗಟ್ಟಿಯಾದ ಸಮ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೈ ಹಾಕಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ಬದಿಯ ಚಕ್ರ ಎದುರು ದಿಕ್ಕಿಗೆ ತಿರುಗಿದರೆ ಗಾಬರಿಯಾಗಬೇಕಿಲ್ಲ, ಅದು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಗುಣ. ಶೂ ಸಣ್ಣಗೆ ಸರ್ ಸರ್ ಎಂದು ಉಜ್ಜುವುದೂ ದೋಷವಲ್ಲ. ಈಗ ಒಬ್ಬರು ಪೆಡಲ್ಲನ್ನು ನಾಲ್ಕೈದು ಬಾರಿ ಜೋರಾಗಿ ಒತ್ತಿ ಬಿಡಲಿ. ಚಕ್ರ ಬಿಗಿಯಾಗಿಯೇ ಉಳಿದರೆ ಪರೀಕ್ಷೆಗೆ ಗಾಡಿ ಸಿದ್ಧವಾಯಿತು.

ಬಿಗಿದ ಚಕ್ರದ ಹಿಂಬದಿಯಲ್ಲಿ, ಗಾಳಿ ತೆಗೆಯಲೆಂದು ಇರುವ ಬ್ಲೀಡಿಂಗ್ ಸ್ಕ್ರೂವಿಗೆ ಸಣ್ಣ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗೆ ಬಿಟ್ಟು, ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಹಿಡಿದಿದ್ದು ಒತ್ತಡ ಎಂದಾಯಿತು. ಆಯಿಲ್ ಹೊರಬಂದರೂ ಚಕ್ರ ಜಗ್ಗದಿದ್ದರೆ ತಪ್ಪು ಕೇಬಲ್‌ನಲ್ಲೋ ಡ್ರಮ್ಮಿನೊಳಗೋ ಇದೆ. ಹತ್ತು ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ಏಕೆ ಬಿಟ್ಟುಬಿಡುತ್ತಾರೋ ನನಗಂತೂ ಅರ್ಥವಾಗಿಲ್ಲ. (ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದ ಕೂಡಲೇ ನೀರಿನಿಂದ ತೊಳೆಯಬೇಕು.)

ಒತ್ತಡ ಎಂದು ಗೊತ್ತಾದರೆ, ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬೇಕು. ಸ್ಕ್ರೂ ಬಿಗಿದು, ಪೆಡಲ್ ಒತ್ತಿ ಮತ್ತೆ ಚಕ್ರವನ್ನು ಹಿಡಿಯುವಂತೆ ಮಾಡಿ, ಈ ಬಾರಿ ಗಾಡಿಯ ಅಡಿಯ ಲೋಹದ ಪೈಪ್ ಹಿಂದಿನ ಹೋಸ್‌ಗೆ ಸೇರುವಲ್ಲಿನ ನಟ್ ಸಡಿಲಿಸಬೇಕು; ಹೋಸ್ ತಿರುಚದಂತೆ ಇನ್ನೊಂದು ಸ್ಪ್ಯಾನರ್‌ನಿಂದ ಅದರ ತಲೆಯನ್ನು ಹಿಡಿದಿರಬೇಕು. ಆಗಲೂ ಚಕ್ರ ಬಿಡದೆ, ಬ್ಲೀಡಿಂಗ್ ಸ್ಕ್ರೂ ತೆರೆದಾಗ ಮಾತ್ರ ಬಿಟ್ಟರೆ ಹೋಸ್ ಕೆಟ್ಟಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸ್‌ನ ಒಳಪದರ ಊದಿ ಮುಚ್ಚಿಕೊಂಡಿರಬಹುದು. ಕಾಲಿನ ಬಲಕ್ಕೆ ಆಯಿಲ್ ಅದರೊಳಗೆ ತೂರಿ ಹೋಗುತ್ತದೆ, ಆದರೆ ಶೂ ಸ್ಪ್ರಿಂಗ್‌ಗಳ ಅಲ್ಪ ಬಲಕ್ಕೆ ಹಿಂದಿರುಗಲಾರದು. ತುರ್ತಿಗೆಂದು ಯಾರೋ ಎಂದೋ ಎಂಜಿನ್ ಆಯಿಲ್ ಸುರಿದಿದ್ದರೂ ರಬ್ಬರ್ ಹೀಗೆ ಊದುತ್ತದೆ. ಆಗ ಹೋಸ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಪೈಪುಗಳನ್ನು ತೊಳೆದು ಎಲ್ಲ ಸಿಲಿಂಡರ್‌ಗಳ ರಬ್ಬರ್‌ಗಳನ್ನೂ ಬದಲಿಸಬೇಕಾಗುತ್ತದೆ.

ಒತ್ತಡ ಅಲ್ಲವೆಂದಾದರೆ ಹ್ಯಾಂಡ್‌ಬ್ರೇಕ್ ಕೇಬಲ್‌ನ ನಟ್ ಪೂರ್ತಿ ಸಡಿಲಿಸಿ ನೋಡಬೇಕು. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಮತ್ತು ಮಳೆನೀರು ಕೇಬಲ್ ಕವಚದೊಳಗೆ ಸೇರಿ, ತುಕ್ಕಾಗಿ, ಎಳೆದ ತಂತಿ ಮರಳದಂತೆ ಮಾಡುತ್ತದೆ. ಸವೆದ ಶೂವನ್ನು, ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸಲು ಚಕ್ರದ ಬಳಿ ಇರುವ ಅಡ್ಜಸ್ಟರ್‌ನಲ್ಲಿ ಸರಿಪಡಿಸುವ ಬದಲು ಕೇಬಲ್ಲನ್ನೇ ಎಳೆದು ಬಿಗಿದಿರುವುದನ್ನೂ ಬಹಳ ಕಂಡಿದ್ದೇನೆ.

ಇಷ್ಟಾದರೂ ಬಿಡದಿದ್ದರೆ ಡ್ರಮ್ ಬಿಚ್ಚುವ ಸರದಿ. ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ತೆಗೆಯಬೇಕು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಒಳಗಿನ ಪುಡಿಯನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಸುರುಳಿಗಳ ನಡುವೆ ಸಂದು ಬಿಟ್ಟಿರುವ ಸ್ಪ್ರಿಂಗ್ ಸತ್ವ ಕಳೆದುಕೊಂಡಿದೆ. ಶೂ ಅಂಚು ಉಜ್ಜುವ ಕಡೆ ಹಿಂಬದಿಯ ತಟ್ಟೆಯಲ್ಲಿ ಗೀರು ಬಿದ್ದಿದ್ದರೆ ಶೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ಪಿಸ್ಟನ್ ಬೆರಳ ಒತ್ತಿಗೆ ಒಳ ಸರಿಯದಿದ್ದರೆ ಬಿಚ್ಚಿ ನೋಡಬೇಕು. ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ರಬ್ಬರ್ ಕಿಟ್ ಹಾಕುವುದು ದುಡ್ಡು ದಂಡ, ಸಿಲಿಂಡರನ್ನೇ ಬದಲಿಸಬೇಕು. ಕೆಲವು ಹಳೆಯ ವಿನ್ಯಾಸಗಳಲ್ಲಿ ಸಿಲಿಂಡರ್ ತಟ್ಟೆಯ ಸೀಳಿನಲ್ಲಿ ಜಾರುವಂತಿರುತ್ತದೆ. ಆ ಸೀಳು ತುಕ್ಕು ಹಿಡಿದರೂ ಇದೇ ಫಲ.

ಜೋಡಿಸುವಾಗ ಮೊದಲು ಶೂ ಅಡ್ಜಸ್ಟ್ ಮಾಡಿ, ಕೇಬಲ್ಲನ್ನು ಕೊನೆಗೆ ಬಿಗಿಯಬೇಕು. ತಯಾರಕರು ಹೇಳಿದ ದರ್ಜೆಯ ಆಯಿಲನ್ನು ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಬೇಕು, ಏಕೆಂದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಗಾಳಿ ತೆಗೆದು, ಪೆಡಲ್ ಗಟ್ಟಿಯಾಗಿದೆಯೆಂದು ನಿಂತಲ್ಲೇ ಒತ್ತಿ ನೋಡಿ, ಮೊದಲು ಓಡಿಸಿದ ರಸ್ತೆಯಲ್ಲೇ ಅಷ್ಟೇ ದೂರ ಓಡಿಸಿ, ಮತ್ತೆ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಬೇಕು.